ಕಾಕಂಬಿಯಲ್ಲಿ ಬೂಷ್ಟು ಬೆಳೆಸಿ ಎಣ್ಣೆ ತೆಗೆಯಬಹುದೇ?

ಪ್ರಶ್ನೆ: ಮಣ್ಣಿನಲ್ಲಿರುವ ಬೂಷ್ಟನ್ನು ಬೆಳೆಸಿ, ದೇಹಕ್ಕೆ ಹಿತವಾದ ಕೊಬ್ಬಿನಾಮ್ಲಗಳನ್ನು ತೆಗೆಯುತ್ತಾರೆಂದು ಓದಿದೆ. ನಮ್ಮ ಭಾಗದ ಸಕ್ಕರೆ ಕಾರ್ಖಾನೆಗಳ ಕಾಕಂಬಿಯನ್ನು ಬಳಸಿ ಇದನ್ನು ಸಣ್ಣ ಉದ್ಯೋಗವಾಗಿ ಮಾಡಬಹುದೇ?
– ಓದುಗರೊಬ್ಬರು, ಮುಧೋಳ, ಬಾಗಲಕೋಟೆ ಜಿಲ್ಲೆ

ಉತ್ತರ: ನೀವು ಓದಿದ್ದು ನಿಜ. ಮಾರ್ಟಿಯರೆಲ್ಲಾ ಆಲ್ಪೈನಾ ಎಂಬ ಮಣ್ಣಿನ ಶಿಲೀಂಧ್ರದಿಂದ, ಅಂದರೆ ಬೂಷ್ಟಿನಿಂದ, ತೆಗೆದ ಅರಾಕಿಡೋನಿಕ್ ಆಮ್ಲ ಎಂಬ ಕೊಬ್ಬಿನಾಮ್ಲದ ಎಣ್ಣೆಯನ್ನು ಶಿಶುಗಳ ಹಾಲಿನ ಪುಡಿಗೆ ಬೆರೆಸುತ್ತಾರೆ. ತಾಯಿಯ ಹಾಲಿನಲ್ಲಿ ಸಹಜವಾಗಿ ಇರುವ ಈ ಆಮ್ಲವು ನಾವು ಬಳಸುವ ಕುಸುಬಿ, ಶೇಂಗಾ ಎಣ್ಣೆಗಳಲ್ಲಿ ಇಲ್ಲ. 1980ರ ದಶಕದಲ್ಲಿ ಜಪಾನಿನ ಕ್ಯೋಟೊ ವಿಶ್ವವಿದ್ಯಾಲಯದಲ್ಲಿ ನಡೆದ ಸಂಶೋಧನೆ ಇದಕ್ಕೆ ದಾರಿ ಮಾಡಿತು.

ಇದರ ಗುಟ್ಟು ಇರುವುದು ಶಿಲೀಂಧ್ರವನ್ನು ಅರೆಹೊಟ್ಟೆಯಲ್ಲಿಡುವುದರಲ್ಲಿ. ತೊಟ್ಟಿಯಲ್ಲಿ ಸಕ್ಕರೆ ಸಾಕಷ್ಟಿದ್ದು ಸಾರಜನಕ ಮಾತ್ರ ತೀರಿಹೋದಾಗ, ಹೊಸ ಪ್ರೋಟೀನು ಕಟ್ಟಲಾಗದ ಶಿಲೀಂಧ್ರವು ಮಿಕ್ಕ ಸಕ್ಕರೆಯನ್ನು ಕೊಬ್ಬಾಗಿಸಿ ತನ್ನ ನೂಲಿನಂಥ ಎಳೆಗಳೊಳಗೆ ಹನಿಹನಿಯಾಗಿ ಕೂಡಿಟ್ಟುಕೊಳ್ಳುತ್ತದೆ. ಸೂಕ್ಷ್ಮದರ್ಶಕದಲ್ಲಿ ಆ ಹನಿಗಳನ್ನು ಕಾಣಬಹುದು. ಸುಮಾರು 25 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಅರಾಕಿಡೋನಿಕ್ ಆಮ್ಲ ಚೆನ್ನಾಗಿ ಕೂಡುತ್ತದೆ. ಅದೇ ಶಿಲೀಂಧ್ರವನ್ನು 20 ಡಿಗ್ರಿಗಿಂತ ತಂಪಿನಲ್ಲಿ ಬೆಳೆಸಿದರೆ, ಮೀನೆಣ್ಣೆಯಲ್ಲಿರುವ ಇಪಿಎ ಎಂಬ ಒಮೆಗಾ-3 ಆಮ್ಲವನ್ನೂ ಅದು ಸ್ವಲ್ಪ ಮಟ್ಟಿಗೆ ತಯಾರಿಸುತ್ತದೆ.

ಇನ್ನು ಸಣ್ಣ ಉದ್ಯೋಗದ ಮಾತು. ಶಿಲೀಂಧ್ರಕ್ಕೆ ಬೇಕಾದ ಸಕ್ಕರೆ ಕಾಕಂಬಿಯಲ್ಲಿ ಇದೆಯಾದರೂ, ಅದರ ಕಡುಬಣ್ಣ ಮತ್ತು ಖನಿಜಾಂಶಗಳನ್ನು ಮೊದಲು ತೆಗೆಯಬೇಕಾಗುತ್ತದೆ. ಬೆಳೆಸುವ ಉಕ್ಕಿನ ತೊಟ್ಟಿ ಪೂರ್ತಿ ಕ್ರಿಮಿಶುದ್ಧವಾಗಿರಬೇಕು. ಎಳೆಗಳು ಉಂಡೆಗಟ್ಟಿದರೆ ಒಳಭಾಗಕ್ಕೆ ಆಮ್ಲಜನಕ ತಲುಪದ ಕಾರಣ, ಗಾಳಿ ಊದುತ್ತ ಕಲಕುತ್ತಲೇ ಇರಬೇಕು. ಬಳಿಕ ಸೋಸಿ, ಒಣಗಿಸಿ, ಹೆಕ್ಸೇನ್‌ನಂಥ ದ್ರಾವಕದಿಂದ ಎಣ್ಣೆ ಬೇರ್ಪಡಿಸಿ ಶುದ್ಧೀಕರಿಸಬೇಕು. ಮನೆಯ ಡ್ರಮ್ಮಿನಲ್ಲಿ ಇದು ಆಗದ ಕೆಲಸ. ಅಲ್ಲಿ ಬೇರೆ ಬೂಷ್ಟು ಹೊಕ್ಕರೆ ವಿಷವೂ ಸೇರಬಹುದು.

ತಂತ್ರ ಕೈಗೂಡಿದರೂ ಪೇಟೆ ಕೈಕೊಡಬಹುದು. ಇಂಗ್ಲೆಂಡಿನ ಸೆಲ್ಬಿಯಲ್ಲಿ 1985ರಿಂದ ಮ್ಯೂಕರ್ ಶಿಲೀಂಧ್ರದಿಂದ ಗಾಮಾ-ಲಿನೋಲೆನಿಕ್ ಎಂಬ ಇನ್ನೊಂದು ಕೊಬ್ಬಿನಾಮ್ಲದ ಎಣ್ಣೆ ತಯಾರಾಗುತ್ತಿತ್ತು. ಅದೇ ಆಮ್ಲ ಬೀಜದೆಣ್ಣೆಗಳಲ್ಲಿ ಅಗ್ಗವಾಗಿ ಸಿಗತೊಡಗಿದ್ದರಿಂದ 1990ರ ಹೊತ್ತಿಗೆ ಅದು ನಿಂತುಹೋಯಿತು. ಆದ್ದರಿಂದ ಇದಕ್ಕೆ ಬಂಡವಾಳ ಹಾಕಿರೆಂದು ನಾನು ಹೇಳಲಾರೆ.

ನಿಮಗೆ ಬೇಕಾಗಿರುವುದು ಹಿತವಾದ ಕೊಬ್ಬಷ್ಟೇ ಆದರೆ, ನಿತ್ಯದ ರೊಟ್ಟಿಯ ಜೊತೆಗಿನ ಅಗಸಿ ಹಿಂಡಿಯನ್ನು (ಅಗಸಿ ಕಾಳಿನ ಚಟ್ನಿಪುಡಿಯನ್ನು) ಬಿಡಬೇಡಿ. ಅಗಸಿ ಎಣ್ಣೆಯ ಸುಮಾರು ಅರ್ಧದಷ್ಟು ಆಲ್ಫಾ-ಲಿನೋಲೆನಿಕ್ ಎಂಬ ಒಮೆಗಾ-3 ಆಮ್ಲವೇ. ಇಡಿಯ ಕಾಳು ಜೀರ್ಣವಾಗದೆ ಹಾಗೆಯೇ ಹೊರಹೋಗುವುದುಂಟು, ಕುಟ್ಟಿಯೇ ತಿನ್ನಬೇಕು.