ನೀರಿನ ಬಾಟಲಿ ತುಂಬಿದ ಹಾಗೇ ವಾಪಸ್ ಬರುತ್ತಿತ್ತು

(ಮನೆಯವರ ಒಪ್ಪಿಗೆ ಪಡೆದು ಬರೆದಿದ್ದೇನೆ. ಗುರುತು ಸಿಗದಂತೆ ಹೆಸರು, ವಿವರ ಬದಲಿಸಿದ್ದೇನೆ.)

"ಬೆಳಿಗ್ಗೆ ತುಂಬಿಸಿ ಕಳಿಸ್ತೀನಿ ಮೇಡಂ, ಸಾಯಂಕಾಲ ಹಾಗೇ ವಾಪಸ್ ಬರುತ್ತೆ. ಈ ವರ್ಷ ಎರಡು ಸಲ ಉರಿಮೂತ್ರ ಆಯ್ತು." ನನ್ನ ಬಳಿ ಸಲಹೆಗೆ ಬಂದ ತಾಯಿ ಮೊದಲು ಹೇಳಿದ್ದು ಇಷ್ಟೇ. ಪಕ್ಕದಲ್ಲಿ ಹದಿನೈದು ವರ್ಷದ ಮಗು. ಮಾರ್ಚ್ ಸೆಕೆಯಲ್ಲೂ ಸ್ವೆಟರ್. ಬೆನ್ನು ಬಾಗಿಸಿ ನೆಲ ನೋಡುತ್ತಾ ಕೂತಿತ್ತು.

ತಾಯಿಯನ್ನು ಹೊರಗೆ ಕೂರಿಸಿದೆ. ಅರ್ಧ ಗಂಟೆ ಆದ ಮೇಲೆ ಮಾತು ಬಂತು. "ನಾನು ಹುಡುಗ. ಚಿಕ್ಕೋನಿದ್ದಾಗಿಂದ್ಲೂ." ಶಾಲೆಯಲ್ಲಿ ಹುಡುಗಿಯರ ಶೌಚಾಲಯಕ್ಕೆ ಹೋಗಲು ಮನಸ್ಸು ಬರಲ್ಲ, ಹುಡುಗರದ್ದಕ್ಕೆ ಬಿಡಲ್ಲ. ಅದಕ್ಕೇ ನೀರೇ ಕುಡಿಯಲ್ಲ. ಸ್ವೆಟರ್ ಒಳಗೆ ಎದೆಗೆ ಕ್ರೇಪ್ ಬ್ಯಾಂಡೇಜ್ ಬಿಗಿಯಾಗಿ ಸುತ್ತಿದ್ದ. ಕಂಕುಳ ಕೆಳಗೆ ಚರ್ಮ ಸುಲಿದಿದೆ ಅಂದ. ಅವನನ್ನು ಇಲ್ಲಿ ಕಿರಣ್ ಅನ್ನುತ್ತೇನೆ.

"ಸಾಯ್ಬೇಕು ಅನ್ಸಿದ್ಯಾ?" ಅಂತ ನೇರವಾಗೇ ಕೇಳಿದೆ. ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತೆ ಅನ್ನೋ ಭಯ ಬೇಡ. "ಪೀರಿಯಡ್ಸ್ ಬಂದಾಗೆಲ್ಲ ಇರೋದೇ ಬೇಡ ಅನ್ಸುತ್ತೆ" ಅಂದ. ಅವತ್ತು ಮಿಕ್ಕಿದ್ದೆಲ್ಲ ಬದಿಗಿಟ್ಟೆವು. ಅಂಥ ರಾತ್ರಿ ಯಾರನ್ನು ಎಬ್ಬಿಸಬೇಕು, ಯಾರಿಗೆ ಫೋನ್ ಮಾಡಬೇಕು ಅಂತ ಬರೆದೆವು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ ಸಂಖ್ಯೆ 14416 ಅನ್ನು ಅವನ ಮೊಬೈಲ್‌ಗೆ ಹಾಕಿದೆವು. ಅವನು ಒಪ್ಪಿದ ಮೇಲೆ ತಾಯಿಗೂ ತಿಳಿಸಿದೆ.

ಮುಂದಿನ ವಾರ ತಂದೆ ಬಂದರು. ಹಿಟ್ಟಿನ ಗಿರಣಿ ಇಟ್ಟಿದ್ದಾರೆ. "ಅಮೆರಿಕದಲ್ಲಿರೋ ನಮ್ಮ ಭಾವಮೈದ ಏನೋ ಇಂಜೆಕ್ಷನ್ ಇದೆ ಅಂತಾನೆ. ಇಂಗ್ಲೆಂಡಿನಲ್ಲಿ ಅದನ್ನೇ ನಿಲ್ಸಿದಾರಂತೆ. ಯಾವ್ದು ನಿಜ?"

ಎರಡೂ ನಿಜ. ಪ್ರೌಢಾವಸ್ಥೆಯ ಬದಲಾವಣೆಗಳನ್ನು ತಡೆದು ನಿಲ್ಲಿಸುವ ಮದ್ದು ಅದು. ಇಂಥ ಮಕ್ಕಳಿಗೆ ಅದನ್ನು ಕೊಡುವ ಕ್ರಮ ರೂಪಿಸಿದ್ದು ನೆದರ್ಲೆಂಡ್ಸ್ ವೈದ್ಯರು. 55 ಜನರನ್ನು ವರ್ಷಗಟ್ಟಲೆ ಗಮನಿಸಿ, ಅವರ ಮನಸ್ಥಿತಿ ಚೆನ್ನಾಗಾಗಿದೆ ಅಂತ 2014ರಲ್ಲಿ ಬರೆದರು. ಆದರೆ ಆ ಮಕ್ಕಳನ್ನು ಜೋಪಾನವಾಗಿ ಆರಿಸಿದ್ದರು. ಮದ್ದು ಪಡೆಯದ ಮಕ್ಕಳ ಜೊತೆ ಹೋಲಿಸಿ ನೋಡಿರಲಿಲ್ಲ. ಫಿನ್ಲೆಂಡ್ 2020ರಲ್ಲಿ, ಸ್ವೀಡನ್ 2022ರಲ್ಲಿ ಕೈ ಬಿಗಿ ಮಾಡಿದವು. ಪುರಾವೆ ದುರ್ಬಲ ಅಂತ ಇಂಗ್ಲೆಂಡಿನ ಮಕ್ಕಳ ವೈದ್ಯೆ ಡಾ. ಹಿಲರಿ ಕ್ಯಾಸ್ 2024ರ ವರದಿಯಲ್ಲಿ ಹೇಳಿದರು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2023ರಲ್ಲಿ ತನ್ನ ಬೆಂಬಲ ಮುಂದುವರಿಸಿತು, ಜೊತೆಗೆ ಪುರಾವೆಗಳನ್ನು ಮತ್ತೆ ಪರಿಶೀಲಿಸಲೂ ಹೊರಟಿತು.

"ಪುರಾವೆ ಕಡಿಮೆ ಅಂದ್ರೆ ಮಗುವಿನ ಸಂಕಟ ಸುಳ್ಳು ಅಂತಲ್ಲ. ಕಿರಣ್‌ನ ಮೈ ಈಗಾಗಲೇ ಬೆಳೆದಿದೆ, ಆ ಇಂಜೆಕ್ಷನ್ ಮಾತು ಇಲ್ಲಿ ಅಷ್ಟಾಗಿ ಬರಲ್ಲ" ಅಂದೆ.

"ಹಂಗಾದ್ರೆ ಇದು ಕಾಯಿಲೆನಾ?" ವಿಶ್ವ ಆರೋಗ್ಯ ಸಂಸ್ಥೆ 2022ರಿಂದ ಜಾರಿಗೆ ಬಂದ ತನ್ನ ಕಾಯಿಲೆಗಳ ಪಟ್ಟಿಯಲ್ಲಿ, ಹುಟ್ಟಿದಾಗ ಗುರುತಿಸಿದ ಲಿಂಗಕ್ಕೂ ಮನಸ್ಸಿಗೂ ಹೊಂದದ ಈ ಸ್ಥಿತಿಯನ್ನು ಮಾನಸಿಕ ಕಾಯಿಲೆಗಳ ಸಾಲಿನಿಂದ ತೆಗೆದಿದೆ. ಯಾರೋ ವೈದ್ಯರು ಆರು ತಿಂಗಳಲ್ಲಿ ಸರಿ ಮಾಡ್ತೀನಿ ಅಂದಿದ್ದರಂತೆ. ಹಾಗೆ ಬದಲಿಸಲು ಹೋಗುವುದು ವೃತ್ತಿಗೆ ಮಾಡುವ ದ್ರೋಹ ಅಂತ ನಮ್ಮ ರಾಷ್ಟ್ರೀಯ ವೈದ್ಯಕೀಯ ಆಯೋಗವೇ 2022ರಲ್ಲಿ ಹೇಳಿದೆ. ದಯವಿಟ್ಟು ಅಲ್ಲಿಗೆ ಕರೆದುಕೊಂಡು ಹೋಗಬೇಡಿ ಅಂತ ಕೈ ಮುಗಿದು ಕೇಳಿಕೊಂಡೆ.

ಇನ್ನೊಂದು ಅಧ್ಯಯನದ ಬಗ್ಗೆ ಹೇಳಿದೆ. ಅಮೆರಿಕದ 129 ಯುವಜನರ ಮೇಲೆ ನಡೆದದ್ದು, 2018ರಲ್ಲಿ ಪ್ರಕಟವಾಯಿತು. ಮನೆ, ಶಾಲೆ, ಕೆಲಸ, ಗೆಳೆಯರು ಹೀಗೆ ಎಷ್ಟು ಜಾಸ್ತಿ ಕಡೆ ಅವರು ಆರಿಸಿಕೊಂಡ ಹೆಸರು ಬಳಕೆಯಲ್ಲಿತ್ತೋ, ಅಷ್ಟು ಕಡಿಮೆ ಖಿನ್ನತೆ, ಅಷ್ಟು ಕಡಿಮೆ ಸಾವಿನ ಯೋಚನೆ. ಹೆಸರೊಂದೇ ಇದನ್ನು ಮಾಡಿತು ಅಂತ ಹೇಳಲಾಗದು. ಆ ಹೆಸರಲ್ಲಿ ಕರೆಯುವ ಮನೆಯಲ್ಲಿ ಬೇರೆ ಪ್ರೀತಿಯೂ ಇದ್ದೀತು. ಆದರೂ ನಾನು ಇದನ್ನು ತುಂಬಾ ನಂಬುತ್ತೇನೆ.

"ನಾಲಿಗೆ ತಿರುಗಲ್ಲ ಮೇಡಂ" ಅಂದರು ತಂದೆ. ಕಣ್ಣಲ್ಲಿ ನೀರಿತ್ತು.

"ಚಿಕ್ಕವಯಸ್ಸಲ್ಲಿ ಏನಂತ ಕರೀತಿದ್ರಿ?"

ಸ್ವಲ್ಪ ಹೊತ್ತು ಸುಮ್ನಿದ್ದರು. "ಬಾರೋ ಮರಿ ಅಂತ."

ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಹೆಣ್ಣುಮಕ್ಕಳನ್ನೂ ಮುದ್ದಿಗೆ ಹಾಗೇ ಕರೆಯುತ್ತಾರೆ ಅಲ್ವಾ? ಹತ್ತು ಹನ್ನೊಂದು ಆದಮೇಲೆ ಈ ಮನೆಯಲ್ಲಿ ‘ಬಾರೋ’ ಹೋಗಿ ‘ಬಾರೇ’ ಆಗಿತ್ತು. ಅದು ಯಾವಾಗಾಯ್ತು ಅಂತ ಅವರಿಗೆ ನೆನಪಿಲ್ಲ. ಕಿರಣ್‌ಗಿದೆ. "ಹೆಸರು ನಿಧಾನಕ್ಕೆ ಬರಲಿ. ಮೊದಲು ಆ ‘ಬಾರೋ’ ವಾಪಸ್ ತನ್ನಿ" ಅಂದೆ.

ಉಳಿದದ್ದು ದಿನದಿನದ ವಿಷಯ. ಕ್ರೇಪ್ ಬ್ಯಾಂಡೇಜ್ ಬಿಟ್ಟುಬಿಡು, ಉಸಿರಾಡಿದಷ್ಟೂ ಬಿಗಿಯಾಗಿ ಪಕ್ಕೆಲುಬಿಗೆ ಏಟು ಮಾಡುತ್ತೆ. ಅಳತೆಗೆ ಸರಿಯಾದ ಸ್ಪೋರ್ಟ್ಸ್ ಬ್ರಾ ಸಾಕು, ಮಲಗುವಾಗ ಅದೂ ಬೇಡ. ಮುಟ್ಟು ನಿಲ್ಲಿಸುವ ಮಾತ್ರೆಯ ಬಗ್ಗೆ ಸ್ತ್ರೀರೋಗ ತಜ್ಞರನ್ನು, ಖಿನ್ನತೆಗೆ ಮನೋವೈದ್ಯರನ್ನು ನೋಡಿ. ಹಾರ್ಮೋನ್ ಪ್ರಶ್ನೆಗೆ ಹಾರ್ಮೋನ್ ತಜ್ಞರೇ ಬೇಕು, ಆತುರ ಬೇಡ. ಶಸ್ತ್ರಚಿಕಿತ್ಸೆಯ ಮಾತು 18 ತುಂಬಿದ ಮೇಲೆ. ಕಿರಣ್‌ಗೂ ಒಂದು ಮಾತು ಹೇಳಿದೆ. ಮುಂದೆ ಯಾವತ್ತಾದರೂ ನಿನ್ನ ಬಗ್ಗೆ ನಿನಗೇ ಬೇರೆ ಥರ ಅನ್ನಿಸಿದರೆ ಅದನ್ನೂ ಬಂದು ಹೇಳು, ಇಲ್ಲಿ ಯಾರೂ ಬೈಯಲ್ಲ.

ಮೂರು ತಿಂಗಳಾಗಿದೆ. ಮುಖ್ಯೋಪಾಧ್ಯಾಯಿನಿ ಶಿಕ್ಷಕರ ಶೌಚಾಲಯದ ಬೀಗದ ಕೈ ಕೊಟ್ಟಿದ್ದಾರೆ. ಬಾಟಲಿ ಈಗ ಅರ್ಧ ಖಾಲಿಯಾಗಿ ಬರುತ್ತಂತೆ. ಹಾಜರಿಯಲ್ಲಿ ಇನ್ನೂ ಹಳೇ ಹೆಸರೇ ಇದೆ. ಮೊನ್ನೆ ರಾತ್ರಿ ತಂದೆ ಮುಂದಿನ ಭೇಟಿ ಕೇಳಲು ಫೋನ್ ಮಾಡಿದ್ದರು. ಮಾತಿನ ಮಧ್ಯೆ ಫೋನ್ ಪಕ್ಕಕ್ಕೆ ಹಿಡಿದು ಒಳಗೆ ಕೂಗಿದರು: "ಬಾರೋ, ಸಾರು ಆರಿ ಹೋಗುತ್ತೆ."