ಕಾಸರಗೋಡಿನ ಅಂಗನವಾಡಿಗೆ ಕನ್ನಡ ಕಿಟ್ ಕಳಿಸುವ ಮೊದಲು

ಬೆಂಗಳೂರಿನಿಂದ ಕನ್ನಡ ಪುಸ್ತಕ, ಚಾರ್ಟು ಕಳಿಸಿದರೆ ಇಲ್ಲಿನ ಅಂಗನವಾಡಿ ಟೀಚರುಗಳಿಗೆ ಉಪಕಾರವಾದೀತೇ ಎಂದು ಕೇಳಿದ್ದೀರಿ. ಆದೀತು, ಏನು ಕಳಿಸುತ್ತೀರಿ ನೋಡಿಕೊಂಡು.

1956ರಿಂದ ನಾವು ಕೇರಳದವರು. ಟೀಚರಿಗೆ ಬರುವ ಸುತ್ತೋಲೆ, ತರಬೇತಿಯ ಟಿಪ್ಪಣಿ ಹೆಚ್ಚಾಗಿ ಮಲಯಾಳದಲ್ಲೇ. ಮಂಜೇಶ್ವರ, ಪೈವಳಿಕೆ, ಬದಿಯಡ್ಕ ಕಡೆ ಕನ್ನಡ ಮಾಧ್ಯಮದಲ್ಲಿ ಓದಿದ ಟೀಚರು ಅದನ್ನು ಅಂದಾಜಿನಲ್ಲಿ ಅರ್ಥಮಾಡಿಕೊಳ್ಳಬೇಕು. ಮಕ್ಕಳದ್ದು ಇನ್ನೊಂದು ಕತೆ: ಮನೆಯಲ್ಲಿ ತುಳು, ಬ್ಯಾರಿ, ಕೊಂಕಣಿ, ಮಲಯಾಳ, ಹವ್ಯಕ ಕನ್ನಡ. ಇಂಥ ಕೋಣೆಗೆ ಅಆಇಈ ಚಾರ್ಟು ಬಂದರೆ ಗೋಡೆಗೊಂದು ಅಲಂಕಾರ, ಅಷ್ಟೇ. ಮೂರು ವರ್ಷದ ಮಗುವಿಗೆ ಮೊದಲು ಬೇಕಾದ್ದು ತನ್ನ ಮಾತು ತಿಳಿಯುವ ಒಬ್ಬರು. ತುಳುವಿನಲ್ಲಿ ‘ಬಡವು’ ಎಂದರೆ ಹಸಿವು, ‘ಬಂಜಿ ಬೇನೆ’ ಎಂದರೆ ಹೊಟ್ಟೆನೋವು ಎಂದು ಗೊತ್ತಿಲ್ಲದ ಟೀಚರು ಬಂದರೆ ಮಗು ಮಧ್ಯಾಹ್ನದವರೆಗೂ ಅಳುತ್ತದೆ.

2024ರಲ್ಲಿ ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ ತಂದ ‘ಆಧಾರಶಿಲಾ’ ಪಠ್ಯಕ್ರಮ 3ರಿಂದ 6 ವರ್ಷದವರಿಗೆ 48 ವಾರಗಳದ್ದು. ಅದರ ಮೊದಲ 4 ವಾರ ಮಗು ಒಗ್ಗಿಕೊಳ್ಳಲಿಕ್ಕೆ. ಆ ನಾಲ್ಕು ವಾರ ಮನೆಮಾತಿಗೇ ಬಿಟ್ಟುಕೊಡಬೇಕು. ಆಮೇಲೆ ಅಭಿನಯದ ಹಾಡು, ದಿನವೂ ಅದೇ ಮಾತಿನಲ್ಲಿ ಹೇಳುವ ಕೈತೊಳೆ, ಕುಳಿತುಕೋ, ಊಟಮಾಡು ಇವುಗಳ ಮೂಲಕ ಕನ್ನಡ ಒಳಗೆ ಬರುತ್ತದೆ. ಜೂನಿನಲ್ಲೇ ಸ್ಲೇಟು ಹಿಡಿಸಬೇಕೆಂದು ಒತ್ತಾಯಿಸುವವರು ಹೆಚ್ಚಾಗಿ ಹೆತ್ತವರು. ಪಕ್ಕದ ಎಲ್‌ಕೆಜಿ ನೋಡಿ ಬಂದಿರುತ್ತಾರೆ.

ಹಾಗಾಗಿ ಪುಸ್ತಕ ಕಳಿಸುವುದಾದರೆ ಅಕ್ಷರವಿಲ್ಲದ, ಪುಟಕ್ಕೊಂದೇ ಚಿತ್ರವಿರುವ ಎ3 ಅಳತೆಯದ್ದು ಕಳಿಸಿ. ಸುತ್ತ ಕುಳಿತವರೆಲ್ಲರಿಗೂ ಕಾಣಬೇಕು, ಯಾವ ಭಾಷೆಯಲ್ಲಾದರೂ ಕತೆ ಹೇಳಲು ಬರಬೇಕು. ಟೀಚರಿಗೆ ಹೇಳಲು ಕತೆ ಬೇಕಿದ್ದರೆ ಪ್ರಥಮ್ ಬುಕ್ಸ್‌ನ ‘ಸ್ಟೋರಿವೀವರ್’ ಜಾಲತಾಣದಲ್ಲಿ ಕನ್ನಡ ಕತೆಗಳು ಉಚಿತ, ಮುದ್ರಿಸಿಕೊಳ್ಳಲೂ ಅನುಮತಿ ಇದೆ. ಲ್ಯಾಮಿನೇಟ್ ಮಾಡಿಸುವಾಗ ಕಾಗದದ ಅಂಚಿನಿಂದಾಚೆ ಅರ್ಧ ಸೆಂಟಿಮೀಟರ್ ಪ್ಲಾಸ್ಟಿಕ್ ಉಳಿಸಲು ಹೇಳಿ. ಅಂಚಿಗೇ ಕತ್ತರಿಸಿದರೆ ನಮ್ಮ ಆಟಿ ತಿಂಗಳ (ಜುಲೈ–ಆಗಸ್ಟ್ ಮಳೆಗಾಲದ) ತೇವ ಒಳನುಗ್ಗಿ ಬೂಸ್ಟು ಹಿಡಿಯುತ್ತದೆ. ಜೊತೆಗೆ ಬಿಗಿ ಮುಚ್ಚಳದ ಡಬ್ಬಿಯೊಂದು ಇರಲಿ.

ಎಣಿಕೆಯ ಸಾಮಾನು ಕಳಿಸಬೇಕಿಲ್ಲ. ಇಲ್ಲಿ ಚೆನ್ನೆಮಣೆ (ಅಳಗುಳಿ ಮಣೆ) ಇದೆ: ಏಳು ಗುಳಿಗಳ ಎರಡು ಸಾಲು, ಪ್ರತಿ ಗುಳಿಗೂ ನಾಲ್ಕು ಕಾಯಿ, ಒಟ್ಟು 56. ಐದು ವರ್ಷದವರಿಗೆ ಇದಕ್ಕಿಂತ ಒಳ್ಳೆಯ ಗಣಿತ ಕಿಟ್ ಯಾವ ಕಂಪೆನಿಯೂ ಮಾಡಿಲ್ಲ. ಕಾಯಿಗೆ ಗುಲಗಂಜಿ ಮಾತ್ರ ಬೇಡ. ಆ ಕೆಂಪು–ಕಪ್ಪು ಬೀಜ ಕಡು ವಿಷ, ಜಗಿದು ನುಂಗಿದರೆ ಜೀವಕ್ಕೇ ಅಪಾಯ. ಮೂರು ವರ್ಷದೊಳಗಿನ ಮಗು ಕೋಣೆಯಲ್ಲಿದ್ದರೆ ಯಾವ ಬೀಜವೂ ಕೆಳಗೆ ಉಳಿಯಬಾರದು, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

ಟೀಚರಿಗೆ ನಿಜವಾದ ತಲೆನೋವು ಪೋಷಣ್ ಟ್ರ್ಯಾಕರ್, ಮಕ್ಕಳ ವಿವರ ದಾಖಲಿಸುವ ಸರಕಾರಿ ಆ್ಯಪ್. ಮಗುವಿನ ಹೆಸರು ಜನನ ಪ್ರಮಾಣಪತ್ರದಲ್ಲಿ ಒಂದು, ಆಧಾರ್‌ನಲ್ಲಿ ಮಲಯಾಳದ ಉಚ್ಚಾರ ಹಿಡಿದು ಇನ್ನೊಂದು. ಕೇಳಿದ್ದನ್ನು ಬರೆಯದೆ ಆಧಾರ್‌ನಲ್ಲಿ ಇದ್ದಂತೆಯೇ ಅಕ್ಷರಕ್ಕಕ್ಷರ ನೋಡಿ ದಾಖಲಿಸಬೇಕು. ಎತ್ತರ ಅಳೆಯುವಲ್ಲೂ ತಪ್ಪಾಗುತ್ತದೆ: ಎರಡು ವರ್ಷದೊಳಗಿನವರನ್ನು ಮಲಗಿಸಿ, ಅದಕ್ಕಿಂತ ದೊಡ್ಡ ಮಕ್ಕಳನ್ನು ನಿಲ್ಲಿಸಿ ಅಳೆಯಬೇಕು. ಎರಡಕ್ಕೂ 0.7 ಸೆಂಟಿಮೀಟರ್ ವ್ಯತ್ಯಾಸವಿದೆ. ಅದನ್ನು ಮರೆತರೆ ಮಗುವಿನ ಬೆಳವಣಿಗೆ ಕುಂಠಿತವೆಂದೋ ಅಲ್ಲವೆಂದೋ ತಪ್ಪಾಗಿ ಗುರುತಿಸುವ ಸಾಧ್ಯತೆ ಇದೆ. ಇಂಥ ಸೂಚನೆಗಳ ಒಂದು ಪುಟದ ಕನ್ನಡ ಅನುವಾದ ನೂರು ಚಾರ್ಟಿಗಿಂತ ಮೇಲು. ನಿಮ್ಮಲ್ಲಿ ಹಣವಿದ್ದರೆ ಮೊದಲು ಎರಡೂ ಭಾಷೆ ಬಲ್ಲ ಅನುವಾದಕರಿಗೆ ಕೊಡಿ.

ನೇರವಾಗಿ ಅಂಗನವಾಡಿಗೆ ಪಾರ್ಸೆಲ್ ಹಾಕಬೇಡಿ. ಕೇರಳದಲ್ಲಿ ಅಂಗನವಾಡಿಗಳು ಗ್ರಾಮ ಪಂಚಾಯತಿನ ಹೊಣೆಗೆ ಸೇರಿದವು. ಮೊದಲು ವಾರ್ಡ್ ಮೆಂಬರನ್ನೂ ಐಸಿಡಿಎಸ್ (ಅಂಗನವಾಡಿ ನಡೆಸುವ ಸಮಗ್ರ ಶಿಶು ಅಭಿವೃದ್ಧಿ ಯೋಜನೆ) ಸೂಪರ್‌ವೈಸರನ್ನೂ ಕೇಳಿ. ತರಬೇತಿ ಕೊಡುವ ಮನಸ್ಸಿದ್ದರೆ ಸೂಪರ್‌ವೈಸರ್ ಕರೆಯುವ ತಿಂಗಳ ಸಭೆಯಲ್ಲಿ ಅರ್ಧ ಗಂಟೆ ಬೇಡಿ. ಬೇರೆ ದಿನ ಕರೆದರೆ ಟೀಚರು ಮಕ್ಕಳನ್ನು, ಅಡುಗೆಯನ್ನು ಹೆಲ್ಪರ್ ಒಬ್ಬರ ಮೇಲೆ ಬಿಟ್ಟು ಬರಬೇಕಾಗುತ್ತದೆ. ಸಾಮಾನು ಮೇ ಮುಗಿಯುವುದರೊಳಗೆ ತಲುಪಲಿ. ಜೂನಿನಲ್ಲಿ ಮಳೆಯೂ ಹೊಸ ಮಕ್ಕಳೂ ಒಟ್ಟಿಗೆ ಬರುತ್ತಾರೆ, ಆಗ ಕಟ್ಟು ಬಿಚ್ಚಲೂ ಯಾರಿಗೂ ಪುರುಸೊತ್ತಿರುವುದಿಲ್ಲ.