ಹೆಡ್‌ಸೆಟ್‌ನಲ್ಲಿ ಧ್ವನಿ ಕೇಳಿಸುತ್ತದೆ, ಆದರೆ ಡೆಸ್ಕ್‌ಟಾಪ್ ಕಂಪ್ಯೂಟರ್ ಅದರ ಮೈಕನ್ನು ಗುರುತಿಸುತ್ತಿಲ್ಲ, ಏಕೆ?

ಮೊದಲು ಹೆಡ್‌ಸೆಟ್‌ನ ಪಿನ್ ಗಮನಿಸಿ. ಅದರ ಮೇಲೆ ಮೂರು ಗೆರೆಗಳಿದ್ದರೆ, ಎಡ ಮತ್ತು ಬಲ ಸ್ಪೀಕರ್, ಗ್ರೌಂಡ್ ಹಾಗೂ ಮೈಕ್ ಎಂಬ ನಾಲ್ಕು ಸಂಪರ್ಕಗಳು ಆ ಒಂದೇ 3.5 ಮಿ.ಮೀ. ಪಿನ್‌ನಲ್ಲಿವೆ ಎಂದರ್ಥ. ಡೆಸ್ಕ್‌ಟಾಪ್‌ನ ಹಸಿರು ಜಾಕ್ ಸಾಮಾನ್ಯವಾಗಿ ಧ್ವನಿಯನ್ನು ಹೊರಗೆ ಕಳುಹಿಸುವುದಕ್ಕಷ್ಟೇ ಇರುವುದರಿಂದ, ಅಲ್ಲಿ ಸಿಕ್ಕಿಸಿದ ಪಿನ್‌ನ ಮೈಕ್ ಭಾಗಕ್ಕೆ ಸಂಪರ್ಕವೇ ಸಿಗುವುದಿಲ್ಲ. ಧ್ವನಿ ಸಾಧನವನ್ನು ನಡೆಸುವ ತಂತ್ರಾಂಶವಾದ ಡ್ರೈವರನ್ನು ಎಷ್ಟು ಸಲ ಮತ್ತೆ ಇನ್‌ಸ್ಟಾಲ್ ಮಾಡಿದರೂ (ಅನೇಕರು ಇಲ್ಲಿಯೇ ಅರ್ಧ ದಿನ ಕಳೆಯುತ್ತಾರೆ) ಪ್ರಯೋಜನವಾಗದು. ಧ್ವನಿಗೊಂದು, ಮೈಕ್‌ಗೊಂದು ಪಿನ್ ಇರುವ ಸ್ಪ್ಲಿಟರ್‌ಗೆ (ಕವಲೊಡೆದ ಕೇಬಲ್) ಹೆಡ್‌ಸೆಟ್ ಸಿಕ್ಕಿಸಿ, ಆ ಎರಡು ಪಿನ್‌ಗಳನ್ನು ಕ್ರಮವಾಗಿ ಹಸಿರು ಮತ್ತು ಗುಲಾಬಿ ಜಾಕ್‌ಗಳಿಗೆ ಜೋಡಿಸಿ. ಆಮೇಲೂ ಮೈಕ್ ಕೆಲಸ ಮಾಡದಿದ್ದರೆ, ವಿಂಡೋಸ್‌ನ ಸೌಂಡ್ ಸೆಟ್ಟಿಂಗ್ಸ್‌ನಲ್ಲಿ ಇನ್‌ಪುಟ್ ಸಾಧನವಾಗಿ ಅದೇ ಆಯ್ಕೆಯಾಗಿದೆಯೇ, ಪ್ರೈವಸಿ ವಿಭಾಗದಲ್ಲಿ ಆ್ಯಪ್‌ಗಳಿಗೆ ಮೈಕ್ ಬಳಸುವ ಅನುಮತಿ ಇದೆಯೇ ಎಂದು ನೋಡಿ.